ಡಾಕ್ಟರಮ್ಮ ಕಾಯಲು ಹೇಳಿದ್ದಾರೆ

ಮಾರ್ಚ್ 3

ಅಪ್ಪನಿಗೆ,

ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಕೇಳಿಸಿದ ಅರ್ಧಕ್ಕೆ ಹೂಂ ಅಂದು ಫೋನನ್ನು ಅಕ್ಕನ ಕೈಗೆ ದಾಟಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ.

ಊರೂರು ಸುತ್ತುವ ಹಲ್ಲಿನ ವ್ಯಾನಿಗೆ ಸೇರಿ ನಾಲ್ಕು ತಿಂಗಳಾಯಿತು. ಡಾಕ್ಟರಮ್ಮ, ಡ್ರೈವರು, ಸಹಾಯಕನಾದ ನಾನು, ಮೂವರೇ. ನಿನ್ನೆ ಒಂದು ಶಿಶುವಿಹಾರದಲ್ಲಿ ಅರವತ್ತೆರಡು ಮಕ್ಕಳ ಬಾಯಿ ನೋಡಿದೆವು. ನಲವತ್ತೊಂದರಲ್ಲಿ ಹುಳುಕು. ಒಂದು ಮಗುವನ್ನೂ ಹಿಡಿದು ಒತ್ತಲಿಲ್ಲ, ಸೂಜಿ ಚುಚ್ಚಲಿಲ್ಲ, ಕೊರೆಯಲಿಲ್ಲ. ಹತ್ತಿಯಿಂದ ಹಲ್ಲು ಒಣಗಿಸುವುದು, ತುಟಿಗೆ ವ್ಯಾಸಲೀನ್ ಸವರುವುದು, ಬೆಳ್ಳಿಯ ಅಂಶವಿರುವ ಒಂದು ಹನಿ ಔಷಧಿಯನ್ನು ಸಣ್ಣ ಬ್ರಷ್ಷಿನಲ್ಲಿ ಹುಳುಕಿನ ಮೇಲೆ ಹಚ್ಚುವುದು. ಒಂದು ನಿಮಿಷ ಎಣಿಸಿದರೆ ಮುಗಿಯಿತು. ಹುಳುಕು ಅಲ್ಲಿಗೇ ನಿಲ್ಲುತ್ತದೆ. ನಿಂತ ಜಾಗ ಕಪ್ಪಾಗುತ್ತದೆ, ಅಷ್ಟೆ. ನಮ್ಮ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ: ಕಪ್ಪಾಯಿತೆಂದರೆ ಹುಳುಕು ಸೋತಿತು. ಆ ಸಾಲು ನನ್ನದು.

ಹಲ್ಲು ಕೀಳುವ ನಿಮ್ಮ ಅಂಗಡಿಯ ಕುರ್ಚಿಗೆ ಇರುವ ಬೆಲ್ಟು ನೆನಪಾಯಿತು. ಎಷ್ಟು ಮಕ್ಕಳನ್ನು ಅದರಲ್ಲಿ ಬಿಗಿದಿದ್ದೀರಿ, ಅಪ್ಪ? ಉಳ್ಳವರ ಮಗುವಿನ ಹಲ್ಲು ಕೆಟ್ಟರೆ ಉಳಿಸುತ್ತಾರೆ, ನಮ್ಮ ಬೀದಿಯ ಮಗುವಿನದು ಕೆಟ್ಟರೆ ಕೀಳುತ್ತಾರೆ. ಹಾಲುಹಲ್ಲು ತಾನೇ, ಹೇಗೂ ಬೀಳುತ್ತದೆ ಎಂಬ ಮಾತನ್ನು ಬಡವರಿಗೆ ಕಲಿಸಿದವರು ಯಾರು? ನೀವು ಅಜ್ಜನಿಂದ ಕಲಿತಿರಿ. ನಾನು ಕಲಿಯಲಾರೆ.

ನಮ್ಮ ಪುಟ್ಟಿ ಪಿಟೀಲಿನ ಬಾಯಿ ಹೇಗಿದೆ? ಅಕ್ಕ ಇನ್ನೂ ಮಗಳಿಗೆ ಕಾರ್ಖಾನೆಯಿಂದ ಮುರಿದ ಬಿಸ್ಕತ್ತು ತರುತ್ತಿದ್ದಾಳೆಯೇ? ನಿಲ್ಲಿಸಲು ಹೇಳಿ.

ಕೋಪ ಇಳಿಯದ,
ನಿಮ್ಮ ಮಗ

ಮಾರ್ಚ್ 11

ಮಗರಾಯನಿಗೆ,

ಕಾಗದ ಬಂತು. ಮೊದಲು ಓದಿದಾಗ ಸಿಟ್ಟು ಬಂತು. ಊಟವಾದ ಮೇಲೆ ಇನ್ನೊಮ್ಮೆ ಓದಿದೆ. ಅಕ್ಷರ ಚೆನ್ನಾಗಿ ಬರೆಯುತ್ತೀಯ, ಅದು ನಿಮ್ಮಮ್ಮನ ಕಡೆಯಿಂದ ಬಂದದ್ದು.

ನನಗೆ ಸರ್ಟಿಫಿಕೇಟು ಇಲ್ಲ, ಒಪ್ಪಿದೆ. ಬೆಲ್ಟು ಇದೆ, ಅದನ್ನೂ ಒಪ್ಪಿದೆ. ಕೀವು ತುಂಬಿದ ಹಲ್ಲು ಆಚೆ ಬಂದ ಐದು ನಿಮಿಷಕ್ಕೆ ಮಗು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗುತ್ತದೆ. ಅದು ಕರಪತ್ರದಲ್ಲಿ ಇರಲಾರದು. ಮೂರು ದಿನದಿಂದ ಮಲಗಿರದ ಮಗು. ಹಾಗೆ ನಿದ್ದೆ ಹೋದ ಮಕ್ಕಳನ್ನೂ ಒಮ್ಮೆ ಎಣಿಸು.

ಪಿಟೀಲು ಹೆಸರಿಗೆ ತಕ್ಕ ಹಾಗೆ ಬೆಳಿಗ್ಗೆ ಎದ್ದ ಕೂಡಲೇ ಕುಯ್ಯಲು ಶುರು ಮಾಡುತ್ತಾಳೆ. ಜೂನ್ ಬಂದರೆ ಐದು ತುಂಬುತ್ತದೆ. ನಾಲ್ಕು ಹಲ್ಲು ಕೆಟ್ಟಿವೆ. ಮೇಲಿನ ಮುಂದಿನವು ಎರಡು, ಕೆಳಗೆ ದವಡೆಯವು ಎರಡು. ಮೂರರ ಬಗ್ಗೆ ನನಗೆ ಚಿಂತೆಯಿಲ್ಲ. ಕೆಳಗಿನ ಎಡಗಡೆಯದರ ಪಕ್ಕದಲ್ಲಿ, ವಸಡಿನ ಮೇಲೆ, ಸಾಸಿವೆಯಷ್ಟು ಬೊಕ್ಕೆ ಎದ್ದಿದೆ. ಒಂದು ವಾರ ಒಡೆಯುತ್ತದೆ, ಮುಂದಿನ ವಾರ ಮತ್ತೆ ಏಳುತ್ತದೆ. ಬಲಗಡೆಯಿಂದಲೇ ಅಗಿಯುತ್ತಾಳೆ. ಅದು ಒಳಗೆ ಇಳಿದಿರುವ ಹಲ್ಲು. ತೆಗೆಯೋಣ ಎಂದೆ. ನಿನ್ನಕ್ಕ, ತಮ್ಮನನ್ನು ಒಂದು ಮಾತು ಕೇಳೋಣ ಎಂದಳು. ಕೇಳಿದ್ದೇನೆ.

ಬಿಸ್ಕತ್ತಿನ ವಿಷಯ ನೀನೇ ಅವಳಿಗೆ ಹೇಳು. ಎಂಟು ಗಂಟೆ ನಿಂತು ಪ್ಯಾಕು ಮಾಡಿ ಬಂದವಳ ಕೈಯಿಂದ ನಾನು ಪೊಟ್ಟಣ ಕಿತ್ತುಕೊಳ್ಳಲಾರೆ. ಗಂಡ ಬಿಟ್ಟುಹೋದ ಮೇಲೆ ಅವಳು ಮಗಳಿಗೆಂದು ತರುವುದು ಅದೊಂದೇ.

ಕೀಳುವುದೊಂದೇ ಗೊತ್ತಿರುವ,
ನಿಮ್ಮಪ್ಪ

ಮಾರ್ಚ್ 19

ಅಪ್ಪನಿಗೆ,

ಮುಟ್ಟಬೇಡಿ. ದಯವಿಟ್ಟು ಪಿಟೀಲಿನ ಬಾಯಿಗೆ ಇಕ್ಕಳ ಹಾಕಬೇಡಿ. ದವಡೆಯ ಹಾಲುಹಲ್ಲು ಹತ್ತು ವರ್ಷದವರೆಗೂ ಬೇಕು. ಈಗಲೇ ಕಿತ್ತರೆ ಪಕ್ಕದವು ವಾಲುತ್ತವೆ, ಹೊಸ ಹಲ್ಲಿಗೆ ಜಾಗ ಸಿಗುವುದಿಲ್ಲ. ನಾನು ಇದನ್ನೆಲ್ಲ ಓದಿದ್ದೇನೆ.

ಏಪ್ರಿಲ್ ಮೊದಲ ವಾರ ನಾಲ್ಕು ದಿನ ರಜೆ ಇದೆ. ಬರುತ್ತೇನೆ. ಔಷಧಿಯನ್ನು ನಾನೇ ತರುತ್ತೇನೆ, ಹೇಗೆಂದು ಕೇಳಬೇಡಿ. ಮಗುವಿಗೆ ಬೇಕಾದ ಔಷಧಿ ಬೀಗದೊಳಗೆ ಇರುವುದೇ ತಪ್ಪು.

ಅಂಗಡಿಯಲ್ಲೇ ಮಾಡೋಣ, ಎಲ್ಲರ ಎದುರಿಗೆ. ಬೀದಿಯವರು ನೋಡಲಿ.

ನಿಮ್ಮ ಮಗ

ಏಪ್ರಿಲ್ 9

ಅಪ್ಪನಿಗೆ,

ನಿನ್ನೆ ವಾಪಸು ಇಲ್ಲಿಗೆ ಬಂದು ತಲುಪಿದೆ. ಬಸ್ಸಿನಲ್ಲಿ ಪೂರ್ತಿ ದಾರಿ ನಗುತ್ತಲೇ ಬಂದೆ.

ನೀವು ನನ್ನ ಮೇಲೆ ಮುನಿಸಿಕೊಂಡಿರುವುದು ಗೊತ್ತು. ಆದರೂ ನೀವೇ ನೋಡಿದಿರಿ. ಆ ಕುರ್ಚಿಯ ಮೇಲೆ ಒಂದು ಮಗು ತಾನಾಗಿಯೇ ಹತ್ತಿ ಕುಳಿತು ಬಾಯಿ ತೆರೆದದ್ದನ್ನು ಎಂದಾದರೂ ಕಂಡಿದ್ದಿರಾ? ನಾನು ಅರವತ್ತರವರೆಗೆ ಎಣಿಸುವಾಗ ಅವಳೂ ಮೂಗಿನಲ್ಲೇ ನನ್ನ ಜೊತೆ ಎಣಿಸುತ್ತಿದ್ದಳು. ಮೂವತ್ತಾದ ಮೇಲೆ ನಲವತ್ತೊಂದಕ್ಕೆ ಹಾರಿದಳು, ಪಕ್ಕದ ಅಂಗಡಿಯ ಟೈಲರಣ್ಣ ಅದಕ್ಕೆ ಎಷ್ಟು ನಕ್ಕ. ನಾಲ್ಕು ಹಲ್ಲು, ಒಂದು ಹನಿ ಕಣ್ಣೀರಿಲ್ಲ. ಗಲ್ಲದ ಮೇಲೆ ಒಂದು ತೊಟ್ಟು ಬಿದ್ದಿದೆ, ಆ ಕಂದು ಕಲೆ ವಾರ ಹತ್ತು ದಿನದಲ್ಲಿ ಹೋಗುತ್ತದೆ.

ನೀವು ನಡುವೆ ಬೆರಳಿಟ್ಟು ಹೇಳಿದ ಮಾತು ನನ್ನನ್ನು ಕುಟುಕುತ್ತಲೇ ಇದೆ. "ಇದು ಒಳಗಿಳಿದಿದೆ ಕಣೋ. ಇದೊಂದನ್ನ ನಾನು ತೆಗೆದುಬಿಡ್ತೀನಿ, ಮಿಕ್ಕ ಮೂರಕ್ಕೆ ನಿನ್ನ ನೀರು ಹಚ್ಚು." ಅದಕ್ಕೆ ಟೈಲರಣ್ಣ, ಹಲ್ಲಿನ ಮೇಷ್ಟ್ರಿಗೆ ಅಂಗಡಿ ಮುಚ್ಚೋ ಹೆದರಿಕೆ ಎಂದು ಕಿಚಾಯಿಸಿದ. ಚಪ್ಪಲಿ ಹೊಲಿಯುವವರೂ ಎದ್ದು ಬಂದಿದ್ದರು. ಆಗ ನಾನು ಆಡಿದ ಮಾತಿನಿಂದ ನಿಮಗೆ ನೋವಾಗಿರಬಹುದು. "ಕಿತ್ತಿದ್ದು ಸಾಕಪ್ಪ. ಈ ಮನೇಲಿ ಒಂದಾದ್ರೂ ಬಾಯಿ ಉಳೀಲಿ." ದನಿ ಜಾಸ್ತಿಯಾಯಿತು, ಕ್ಷಮಿಸಿ. ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನೀವು ಕೈ ತೊಳೆದುಕೊಂಡು, "ಸರಿ. ಈ ಬಾಯಿ ನಿಂದು. ನಾನು ಕೈ ಹಾಕಲ್ಲ," ಎಂದಿರಿ. ಅಷ್ಟು ಜನರ ಎದುರಿಗೆ ಕೊಟ್ಟ ಮಾತು. ನೀವು ಮಾತಿನ ಮನುಷ್ಯರು. ನನಗೆ ಧೈರ್ಯವಿದೆ.

ಬೊಕ್ಕೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹುಳುಕು ನಿಂತರೆ ಅದೂ ಒಣಗುತ್ತದೆ.

ಗೆದ್ದ ಖುಷಿಯಲ್ಲಿ,
ನಿಮ್ಮ ಮಗ

ಏಪ್ರಿಲ್ 24

ಮಗನಿಗೆ,

ಹಲ್ಲುಗಳು ಕಪ್ಪಾಗಿವೆ. ನಾಲ್ಕೂ. ಒಲೆಯೊಳಗಿನ ಇದ್ದಿಲಿನ ಹಾಗೆ. ಶಿಶುವಿಹಾರದಲ್ಲಿ ಒಬ್ಬ ಹುಡುಗಿ ಇವಳನ್ನು ಕರಿಬಾಯಿ ಎಂದಳಂತೆ. ಇವಳು ಬಾಯಿ ಅಗಲಿಸಿ ಅವಳ ಮುಖದ ಹತ್ತಿರ ತೆಗೆದುಕೊಂಡು ಹೋಗಿ, ನನ್ನ ಮಾಮ ಹಚ್ಚಿದ್ದು, ನಿನಗೆ ಮಾಮನೇ ಇಲ್ಲ ಎಂದು ಬಂದಿದ್ದಾಳೆ. ಅಕ್ಕ ಮೊದಲೆರಡು ದಿನ ಅತ್ತಳು. ಆಮೇಲೆ ನಿನ್ನ ಕರಪತ್ರವನ್ನು ಕನ್ನಡಿಯ ಪಕ್ಕ ಅಂಟಿಸಿದಳು. ಬಿಸ್ಕತ್ತು ತರುವುದನ್ನು ನಿಲ್ಲಿಸಿದ್ದಾಳೆ.

ಮೂರು ಹಲ್ಲುಗಳ ಬಗ್ಗೆ ನೀನು ಹೇಳಿದ್ದು ನಿಜ. ಉಗುರಿನಿಂದ ಕೆರೆದು ನೋಡಿದೆ, ಗಟ್ಟಿಯಾಗಿವೆ. ಮೊದಲು ಒತ್ತಿದರೆ ಕುಂಯ್ ಎನ್ನುತ್ತಿದ್ದಳು, ಈಗಿಲ್ಲ. ನಲವತ್ತು ವರ್ಷದಲ್ಲಿ ಇಂಥದ್ದು ನೋಡಿರಲಿಲ್ಲ. ಟೈಲರಿನ ಮೊಮ್ಮಗನಿಗೂ ಹಚ್ಚಿಸಬೇಕಂತೆ, ವ್ಯಾನು ನಮ್ಮ ಕಡೆ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾನೆ.

ನಾಲ್ಕನೆಯದು ಕಪ್ಪಾಗಿದೆ, ಆದರೂ ನೋಯುತ್ತಿದೆ. ನಾಲ್ಕು ದಿನದಿಂದ ನಿದ್ದೆಯಲ್ಲಿ ಎದ್ದು ಕೂರುತ್ತಾಳೆ. ಬೊಕ್ಕೆ ಕಾಣಿಸುತ್ತಿಲ್ಲ. ಒಣಗಿತು ಎಂದು ಅಕ್ಕ ಹೇಳುತ್ತಾಳೆ. ನನಗೆ ಹಾಗನ್ನಿಸುತ್ತಿಲ್ಲ. ಬೊಕ್ಕೆಯ ಬಾಯಿ ಮುಚ್ಚಿಕೊಂಡಿದೆ, ಕೀವಿಗೆ ದಾರಿ ಇಲ್ಲ. ಕೆನ್ನೆ ಎಡಗಡೆ ಸ್ವಲ್ಪ ಊದಿದೆ, ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಡಿಮೆ.

ಮಾತು ಕೊಟ್ಟಿದ್ದೇನೆ. ನೀನು ಹೂಂ ಎಂದರೆ ಮಾತ್ರ ತೆಗೆಯುತ್ತೇನೆ. ಇಲ್ಲವಾದರೆ ನಿಮ್ಮ ಡಾಕ್ಟರಮ್ಮನನ್ನು ಕೇಳಿ ತಕ್ಷಣ ಬರೆ, ಫೋನಿನಲ್ಲಿ ನನಗೆ ಸರಿಯಾಗಿ ಕೇಳಿಸುವುದಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಅಕ್ಕ ಎರಡು ಪಾಳಿ ಬಿಡಬೇಕು, ಬಿಡುತ್ತಾಳೆ. ಹೋಗಬೇಕು ಎಂದು ಯಾರಾದರೂ ತಿಳಿದವರು ಹೇಳಲಿ.

ನಿಮ್ಮಪ್ಪ

ಏಪ್ರಿಲ್ 29

ಅಪ್ಪನಿಗೆ,

ನಿಮ್ಮ ಕಾಗದ ಈಗಷ್ಟೇ ಕೈಗೆ ಸಿಕ್ಕಿತು, ನಿಂತಲ್ಲೇ ಉತ್ತರ ಬರೆಯುತ್ತಿದ್ದೇನೆ.

ತೆಗೆಯಬೇಡಿ. ಹೊಸ ಔಷಧಿಗೆ ಮೈ ಒಗ್ಗಲು ದಿನ ಬೇಕು. ಹುಳುಕು ಸಾಯುವಾಗ ಸ್ವಲ್ಪ ನೋವು ಇದ್ದೇ ಇರುತ್ತದೆ. ಇಲ್ಲಿ ಡಾಕ್ಟರಮ್ಮನನ್ನು ಕೇಳಿದೆ. ಎಲ್ಲವನ್ನೂ ವಿವರಿಸಿ ಹೇಳಿದೆ. ಡಾಕ್ಟರಮ್ಮ ಕಾಯಲು ಹೇಳಿದ್ದಾರೆ. ಮೂರು ವಾರ ನೋಡಿ ಎಂದರು. ಜ್ವರದ ಮಾತ್ರೆ ಅರ್ಧ ಕೊಟ್ಟರೆ ಸಾಕಂತೆ.

ಮುಂದಿನ ತಿಂಗಳ ಕೊನೆಗೆ ವ್ಯಾನು ನಿಮ್ಮ ಕಡೆ ಬರುವ ಹಾಗೆ ನಾನು ಒತ್ತಾಯ ಮಾಡುತ್ತೇನೆ. ಆಗ ನಾವೇ ನೋಡೋಣ.

ಟೈಲರಣ್ಣನ ಮೊಮ್ಮಗನ ಹೆಸರು ಬರೆದುಕೊಂಡಿದ್ದೇನೆ.

ನಿಮ್ಮ ಮಗ

ಮೇ 6

ಮಗನಿಗೆ,

ಕಾಗದ ತಲುಪಿತು. ಡಾಕ್ಟರಮ್ಮ ಹೇಳಿದ ಮೇಲೆ ಮಾತು ಮುಗಿಯಿತು. ಅಕ್ಕನಿಗೆ ಓದಿ ಹೇಳಿದೆ. ಅವಳ ಮುಖಕ್ಕೆ ಕಳೆ ಬಂತು. ಎರಡು ಪಾಳಿ ಬಿಡುವುದು ತಪ್ಪಿತು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಾಯಿತು.

ನಿನ್ನೆ ಚಪ್ಪಲಿಯವನು, ಸಾವಿರ ಹಲ್ಲು ಕಿತ್ತ ಮೇಷ್ಟ್ರಿಗೆ ಮನೆಯ ಒಂದು ಹಲ್ಲು ಬಗ್ಗಲಿಲ್ಲವಲ್ಲ ಎಂದು ನಕ್ಕ. ನಿನ್ನ ಕಾಗದವನ್ನು ಜೇಬಿನಿಂದ ತೆಗೆದು ಟೈಲರಿನ ಕೈಗೆ ಕೊಟ್ಟು ಜೋರಾಗಿ ಓದಿಸಿದೆ. ಕಾಲ ಬದಲಾಗಿದೆ ಕಣಪ್ಪ, ಈಗ ಎಲ್ಲದಕ್ಕೂ ಇಕ್ಕಳ ಹಾಕೋದಲ್ಲ ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ನೀನು ಸಂತೋಷಪಡು.

ಬಾವು ಕೆನ್ನೆಯಿಂದ ದವಡೆಯ ಕೆಳಗೆ ಇಳಿದಿದೆ. ಬಿಸಿ ಬಟ್ಟೆ ಇಡುತ್ತಿದ್ದೇವೆ. ಮೂರು ವಾರದಲ್ಲಿ ಒಂದು ವಾರ ಕಳೆಯಿತು. ಗಂಜಿ ಮಾತ್ರ ಕುಡಿಯುತ್ತಾಳೆ. ಎರಡು ದಿನದಿಂದ ಕುಯ್ಯುತ್ತಿಲ್ಲ, ಮನೆ ಬಿಕೋ ಎನ್ನುತ್ತದೆ.

ನಿಮ್ಮಪ್ಪ

ಮೇ 21

ತಮ್ಮಾ,

ಫೋನು ಮೂರು ದಿನ ಹತ್ತಲಿಲ್ಲ. ವ್ಯಾನು ಗುಡ್ಡದ ಆಚೆ ಇದೆ, ಅಲ್ಲಿ ಸಿಗ್ನಲ್ ಇಲ್ಲ ಎಂದು ನಿಮ್ಮ ಕಚೇರಿಯವರು ಹೇಳಿದರು. ಸುದ್ದಿ ತಲುಪಿಸುತ್ತೇವೆ ಎಂದರು. ತಲುಪಿತೋ ಇಲ್ಲವೋ. ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೆರಡನೆಯ ತಾರೀಕು ಬೆಳಿಗ್ಗೆ ಎದ್ದಾಗ ಕುತ್ತಿಗೆ ಎರಡೂ ಕಡೆ ಊದಿ ಕಲ್ಲಾಗಿತ್ತು. ನಾಲಿಗೆ ಮೇಲಕ್ಕೆ ಎದ್ದಿತ್ತು. ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿತ್ತು. ಅಪ್ಪ ಒಮ್ಮೆ ನೋಡಿದವರೇ ಚಪ್ಪಲಿ ಕೂಡ ಹಾಕಿಕೊಳ್ಳದೆ ಅವಳನ್ನು ಎತ್ತಿಕೊಂಡು ಓಡಿದರು. ದೊಡ್ಡ ಆಸ್ಪತ್ರೆ ತಲುಪುವಾಗ ಮಧ್ಯಾಹ್ನ. ಉಸಿರಿಗೆ ದಾರಿಯಿಲ್ಲ ಎಂದು ಕತ್ತಿನಲ್ಲಿ ತೂತು ಮಾಡಿ ಕೊಳವೆ ಹಾಕಿದರು. ಕೀವು ಎದೆಯವರೆಗೆ ಇಳಿದಿತ್ತಂತೆ. ಎರಡು ದಿನ ಇದ್ದಳು. ಹದಿನಾಲ್ಕನೆಯ ತಾರೀಕು ಸಂಜೆ ಹೋದಳು.

ಕೊಳವೆ ಇದ್ದುದರಿಂದ ದನಿ ಇರಲಿಲ್ಲ. ನನ್ನ ಕೈ ಹಿಡಿದು ತುಟಿ ಆಡಿಸುತ್ತಿದ್ದಳು. ನೀರು ಎಂದಳೋ ಏನೋ, ನನಗೆ ತಿಳಿಯಲಿಲ್ಲ.

ಅಲ್ಲಿಯ ಡಾಕ್ಟರು ಬಾಯಿ ನೋಡಿ, ಮಿಕ್ಕ ಮೂರು ಹಲ್ಲು ಚೆನ್ನಾಗಿವೆ, ಔಷಧಿ ಚೆನ್ನಾಗಿ ಹಿಡಿದಿದೆ ಎಂದರು. ಆಮೇಲೆ, "ಇದಕ್ಕೆ ಯಾಕೆ ಹಚ್ಚಿದ್ರು? ಇಷ್ಟು ದಿನ ಯಾಕೆ ಕಾದ್ರಿ?" ಎಂದು ಕೇಳಿದರು. ಅಪ್ಪ ಜೇಬಿನಿಂದ ನಿನ್ನ ಕಾಗದ ತೆಗೆದು ತೋರಿಸಿದರು. ಡಾಕ್ಟರು ಎರಡು ಸಲ ಓದಿ, ಯಾವ ಡಾಕ್ಟರಮ್ಮ ಎಂದರು. ಅಪ್ಪ ಕಾಗದವನ್ನು ಮಡಚಿ ಮತ್ತೆ ಜೇಬಿಗೆ ಇಟ್ಟುಕೊಂಡರು.

ಅಪ್ಪ ಅಂಗಡಿ ತೆಗೆದಿಲ್ಲ. ಆ ಡಾಕ್ಟರಮ್ಮನ ವಿಳಾಸ ಬೇಕಂತೆ, ನಿನ್ನಿಂದ ತರಿಸು ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಕಳಿಸು.

ನೀನು ಬರಬೇಡ. ಬಂದರೆ ಅಪ್ಪ ನಿನ್ನನ್ನು ಸಮಾಧಾನ ಮಾಡಲು ಕೂರುತ್ತಾರೆ. ಅದನ್ನು ನನ್ನಿಂದ ನೋಡಲಾಗುವುದಿಲ್ಲ.

ಅಕ್ಕ

ಮೇ 28

ಅಪ್ಪನಿಗೆ,

ಡಾಕ್ಟರಮ್ಮನ ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಅವರಿಗೆ ಬರೆಯುವ ಮೊದಲು ಇದನ್ನು ಓದಿ.

ನಾನು ಅವರನ್ನು ಕೇಳಲೇ ಇಲ್ಲ.

ಕೇಳಿದರೆ, ಯಾವ ಮಗು, ಯಾರು ಹಚ್ಚಿದರು, ಬಾಟಲಿ ಎಲ್ಲಿಂದ ಬಂತು ಎಂಬುದೆಲ್ಲ ಹೊರಬೀಳುತ್ತಿತ್ತು. ಅದನ್ನು ನಾನು ವ್ಯಾನಿನ ಕಪಾಟಿನಿಂದ ಹೇಳದೆ ತಂದಿದ್ದೆ. ಡಾಕ್ಟರು ಬಾಯಿ ನೋಡದೆ ಸಹಾಯಕನು ಹಚ್ಚಬಾರದು ಎಂಬುದು ಮೊದಲ ದಿನ ಹೇಳಿಕೊಟ್ಟ ಪಾಠ. ಎರಡನೆಯ ದಿನದ ಪಾಠ, ಬಾವು ಇದ್ದರೆ, ವಸಡಿನಲ್ಲಿ ಬೊಕ್ಕೆ ಇದ್ದರೆ, ಮಗು ನೋವಿಗೆ ನಿದ್ದೆಯಿಂದ ಏಳುತ್ತಿದ್ದರೆ ಆ ಹಲ್ಲಿಗೆ ಹಚ್ಚಬಾರದು, ಆಸ್ಪತ್ರೆಗೆ ಕಳಿಸಬೇಕು ಎಂಬುದು. ಔಷಧಿ ಹುಳುಕನ್ನು ನಿಲ್ಲಿಸುತ್ತದೆ, ಬೇರಿನೊಳಗಿನ ಕೀವನ್ನು ಅಲ್ಲ. ಇದು ನನಗೆ ಬಾಯಿಪಾಠ. ನೀವು ಬೆರಳಿಟ್ಟು ತೋರಿಸಿದಾಗ ಆ ಬೊಕ್ಕೆ ನನಗೂ ಕಾಣಿಸಿತ್ತು. ಅಷ್ಟು ಜನರ ಎದುರಿಗೆ ನಿಮ್ಮ ಕೈಯಲ್ಲಿ ಇಕ್ಕಳ ನೋಡಲು ನನ್ನಿಂದಾಗಲಿಲ್ಲ. ನಾಲ್ಕೂ ನನ್ನವೇ ಆಗಬೇಕಿತ್ತು.

ಕರಪತ್ರ ಬರೆಯುವಾಗ ಬಾವಿನ ಸಾಲನ್ನು ಡಾಕ್ಟರಮ್ಮ ಸೇರಿಸಿದ್ದರು. ಅದರಿಂದ ಜನ ಹೆದರುತ್ತಾರೆ, ಮಕ್ಕಳನ್ನು ಕರೆತರುವುದಿಲ್ಲ ಎಂದು ವಾದ ಮಾಡಿ ನಾನೇ ತೆಗೆಸಿದೆ. ಅಕ್ಕ ಕನ್ನಡಿಯ ಪಕ್ಕ ಅಂಟಿಸಿಕೊಂಡದ್ದು ಆ ಕರಪತ್ರ.

ಮೊನ್ನೆ ಎಲ್ಲವನ್ನೂ ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. ಮಗುವಿನ ವಯಸ್ಸು ಕೇಳಿದರು. ಆಮೇಲೆ ವ್ಯಾನಿನ ಬೀಗದಕೈ ಇಸಿದುಕೊಂಡರು. ಉಳಿದಿದ್ದ ಕರಪತ್ರಗಳನ್ನೆಲ್ಲ ಡ್ರೈವರು ಕಟ್ಟು ಕಟ್ಟಿ ಒಳಗಿಟ್ಟರು. ವ್ಯಾನಿನ ಕೆಲಸದವರ ಪಟ್ಟಿಯಲ್ಲಿ ಈಗ ನನ್ನ ಹೆಸರಿಲ್ಲ. ವಿಚಾರಣೆಗೆ ಕರೆದಾಗ ಹೋಗುತ್ತೇನೆ, ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ.

ಔಷಧಿಯದು ತಪ್ಪಲ್ಲ ಎಂದು ಈಗಲೂ ನಂಬುತ್ತೇನೆ. ನಲವತ್ತೊಂದು ಮಕ್ಕಳು ಅಳದೆ ಎದ್ದು ಹೋದದ್ದು ಸುಳ್ಳಲ್ಲ. ಹಾಗೆ ಬರೆಯಲು ಕೈ ನಾಚುತ್ತಿದೆ, ಆದರೂ ಬರೆದಿದ್ದೇನೆ, ಯಾಕೆಂದರೆ ಇನ್ನು ಮುಂದೆ ನಿಮಗೆ ಒಂದು ಸಾಲನ್ನೂ ಬಿಟ್ಟು ಬರೆಯಬಾರದು ಎಂದುಕೊಂಡಿದ್ದೇನೆ.

ನೀವು ಕಾದದ್ದು ಡಾಕ್ಟರಮ್ಮನ ಮಾತಿಗಲ್ಲ, ನನ್ನ ಮಾತಿಗೆ. ನಿಮ್ಮ ಮೇಲೆ ಏನೂ ಇಲ್ಲ. ಎಲ್ಲವೂ ನನ್ನ ಮೇಲೆ.

ಮಗ

ಜೂನ್ 15

ಮಗನಿಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಬರೆಯಲು ಕೂತಾಗಲೆಲ್ಲ ಎದ್ದುಬಿಟ್ಟೆ.

ಡಾಕ್ಟರಮ್ಮನಿಗೆ ನಾನು ಬರೆಯುವುದಿಲ್ಲ. ವಿಳಾಸ ಕೇಳಿದ್ದು ಬರೆಯಲು ಅಲ್ಲ. ನೀನು ಏನು ಕಳಿಸುತ್ತೀಯ ಎಂದು ನೋಡಲು.

ನಿಮ್ಮ ಡಾಕ್ಟರಮ್ಮ ಕಾಯಲು ಹೇಳಿಲ್ಲ ಎಂಬುದು ನನಗೆ ಆ ಸಾಲು ಓದಿದ ದಿನವೇ ಗೊತ್ತಾಗಿತ್ತು. ನಾನು ಓದಿದವನಲ್ಲ, ಆದರೆ ನನ್ನ ಕುರ್ಚಿಯ ಮೇಲೆ ಆಸ್ಪತ್ರೆಯಿಂದ ತಿರುಗಿ ಬಂದವರು, ಆಸ್ಪತ್ರೆಗೆ ಹೋಗುವವರು ಎಷ್ಟೋ ಜನ ಕೂತಿದ್ದಾರೆ. ಊದಿದ ದವಡೆಯನ್ನು ಕಣ್ಣಿಂದ ನೋಡದೆ ಮೂರು ವಾರ ಕಾಯಿರಿ ಎಂದ ಡಾಕ್ಟರನ್ನು ನಲವತ್ತು ವರ್ಷದಲ್ಲಿ ನಾನು ಕೇಳಿಲ್ಲ. ನೀನು ನಿಂತಲ್ಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಬರೆದಿದ್ದೆ. ನಿಂತಲ್ಲೇ ಬರೆದವನು ಡಾಕ್ಟರನ್ನು ಯಾವಾಗ ಕೇಳಿದ?

ಗೊತ್ತಿದ್ದೂ ಆ ಕಾಗದವನ್ನು ಟೈಲರಿನ ಕೈಲಿ ಜೋರಾಗಿ ಓದಿಸಿದೆ. ನನ್ನಪ್ಪ ಹಲ್ಲು ಕಿತ್ತ, ನಾನು ಕಿತ್ತೆ. ನೀನು ಒಬ್ಬ ಡಾಕ್ಟರ ಜೊತೆ ಮಾತಾಡಿ ನನಗೆ ಸಲಹೆ ಬರೆಯುವವನಾದೆ ಎಂದು ಬೀದಿಗೆ ಕೇಳಿಸಬೇಕಿತ್ತು. ಸುಳ್ಳಿರಬಹುದು ಎಂಬ ಅನುಮಾನವನ್ನು ಮಡಚಿ ಕಾಗದದ ಜೊತೆಯಲ್ಲೇ ಜೇಬಿಗೆ ಇಟ್ಟುಕೊಂಡೆ. ಆ ಹಲ್ಲನ್ನು ದಿನವೂ ಮುಟ್ಟಿ ನೋಡುತ್ತಿದ್ದೆ, ಅಲ್ಲಾಡುತ್ತಿತ್ತು. ಎರಡು ಬೆರಳಲ್ಲಿ ಬರುತ್ತಿತ್ತು. ನಿನ್ನಕ್ಕನಿಗೆ, ಆಸ್ಪತ್ರೆಗೆ ಹೋಗೋಣ ಎಂಬ ಒಂದು ಮಾತು ಹೇಳಿದ್ದರೂ ಅವಳು ಆ ಕ್ಷಣ ಹೊರಡುತ್ತಿದ್ದಳು. ಆದ್ದರಿಂದ ನನ್ನ ಮೇಲೆ ಏನೂ ಇಲ್ಲ ಎಂದು ನೀನು ಬರೆಯಬೇಡ. ಅದನ್ನು ನನ್ನಿಂದ ಕಿತ್ತುಕೊಳ್ಳಲು ನಿನಗೆ ಅಧಿಕಾರವಿಲ್ಲ.

ನಿನ್ನ ಕೊನೆಯ ಕಾಗದವನ್ನು ಅಕ್ಕನಿಗೆ ಓದಿ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, "ನೀವಿಬ್ಬರು ಬರೆದುಕೊಂಡ ಕಾಗದ ಎಲ್ಲಾ ನನಗೆ ಬೇಕು. ನಾನೇ ಓದ್ತೀನಿ, ನೀವು ಓದಿ ಹೇಳೋದು ಬೇಡ," ಎಂದಳು. ನನ್ನ ಮುಖ ನೋಡಲಿಲ್ಲ.

ನೀನು ಬರೆದವು ನನ್ನ ಹತ್ತಿರ ಇವೆ. ನಾನು ಬರೆದವನ್ನು ನೀನು ವಾಪಸು ಕಳಿಸು. ಒಂದೂ ಬಿಡದೆ ತಾರೀಕಿನ ಪ್ರಕಾರ ಜೋಡಿಸಿ ಅವಳ ಕೈಗೆ ಕೊಡುತ್ತೇನೆ.

ಇದನ್ನೂ ಕಳಿಸು.

ಅಪ್ಪ